ಒಂದು ಗಂಟೆಯ ಸಾಹಸ, ಆರು ದಿನಗಳ ಹೋಮ್‌ವರ್ಕ್

ವಿಮಾನ ಅಪಹರಣದ ವಿಷಯ ಬಂದರೆ ಸಾಕು, ನಮ್ಮ ಹಾಸ್ಟೆಲ್‌ಗಳಲ್ಲಿ ಚರ್ಚೆ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ನಿಮಗೂ ಗೊತ್ತು. ಕಂದಹಾರ್ ಸೀರೀಸ್ ನೋಡಿ ಮುಗಿಸಿದವನು "ನಮ್ಮೋರು ಕೈಲಾಗ್ದೆ ಉಗ್ರರನ್ನ ಬಿಟ್ಟು ಕಳ್ಸಿದ್ರು ಕಣೋ" ಅಂತಾನೆ. ಪಕ್ಕದವನು "ಇಸ್ರೇಲ್ ಆಗಿದ್ರೆ ನುಗ್ಗಿ ಹೊಡ್ದು ಎಲ್ಲರನ್ನೂ ಕರ್ಕೊಂಡ್ ಬರ್ತಿದ್ರು, ಎಂಟೆಬೆ ಕೇಳಿಲ್ವಾ?" ಅಂತಾನೆ. ಎಲ್ಲರೂ ಹೂಂ ಅಂತಾರೆ. ಅಲ್ಲಿಗೆ ತೀರ್ಪು ಮುಗೀತು: ಧೈರ್ಯ ಇದ್ದೋರು ನುಗ್ತಾರೆ, ಇಲ್ಲದೋರು ಮಾತುಕತೆಗೆ ಕೂರ್ತಾರೆ.

ಈ ತೀರ್ಪಿನ ಬಗ್ಗೆ ನನಗೆ ತಕರಾರಿದೆ. ಎಂಟೆಬೆ ಕಾರ್ಯಾಚರಣೆ ಸಾಮಾನ್ಯದ್ದು ಅಂತ ಹೇಳೋಕೆ ಹೊರಟಿಲ್ಲ. ಅದು ಅಸಾಮಾನ್ಯವೇ. ಆದರೆ ನಾವು ಅದನ್ನ ಕರೆತರುವುದು ಯಾವ ವಾದಕ್ಕೆ ಸಾಕ್ಷಿಯಾಗಿಯೋ, ಆ ವಾದದ ಪರವಾಗಿ ಅದು ಸಾಕ್ಷಿ ಹೇಳೋದೇ ಇಲ್ಲ. ಎಂಜಿನಿಯರಿಂಗ್ ಓದುವ ನಾವಾದರೂ ಅದನ್ನ ಸ್ವಲ್ಪ ಬೇರೆ ಥರ ಓದಬೇಕು ಅನ್ನೋದು ನನ್ನ ವಾದ.

ಮೊದಲು ಕಥೆ ಚುಟುಕಾಗಿ. 1976ರ ಜೂನ್ 27, ಭಾನುವಾರ. ಟೆಲ್ ಅವೀವ್‌ನಿಂದ ಅಥೆನ್ಸ್ ಮೂಲಕ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 139, ಒಂದು ಏರ್‌ಬಸ್ ಎ300. ಒಳಗೆ ಸುಮಾರು 250 ಜನ. ಅಥೆನ್ಸ್‌ನಲ್ಲಿ ಹತ್ತಿದ ನಾಲ್ವರು ವಿಮಾನವನ್ನ ಅಪಹರಿಸಿದರು. ಇಬ್ಬರು ಪ್ಯಾಲೆಸ್ಟೀನ್ ವಿಮೋಚನಾ ರಂಗದಿಂದ ಒಡೆದು ಬಂದಿದ್ದ ವಾದಿ ಹದ್ದಾದ್‌ನ ಗುಂಪಿನವರು, ಇನ್ನಿಬ್ಬರು ಜರ್ಮನಿಯ ಎಡಪಂಥೀಯ ಉಗ್ರ ಸಂಘಟನೆಯವರು. ಲಿಬಿಯಾದ ಬೆಂಗಾಜಿಯಲ್ಲಿ ಇಂಧನ ತುಂಬಿಸಿಕೊಂಡು, ಮರುದಿನ ಬೆಳಗಿನ ಜಾವ ವಿಮಾನ ಉಗಾಂಡಾದ ಎಂಟೆಬೆಯಲ್ಲಿ ಇಳಿಯಿತು. ಅಲ್ಲಿ ಅವರ ಸಂಗಡಿಗರು ಮೊದಲೇ ಕಾದಿದ್ದರು. ದೇಶದ ಸರ್ವಾಧಿಕಾರಿ ಇದಿ ಅಮೀನ್ ಅಪಹರಣಕಾರರ ಪರವಾಗಿದ್ದ. ಒತ್ತೆಯಾಳುಗಳನ್ನ ಹಳೆಯ ಟರ್ಮಿನಲ್ ಕಟ್ಟಡಕ್ಕೆ ತುಂಬಿದರು, ಹೊರಗೆ ಉಗಾಂಡಾ ಸೈನಿಕರ ಕಾವಲು. ಬೇಡಿಕೆ: ಬೇರೆಬೇರೆ ದೇಶಗಳ ಜೈಲಿನಲ್ಲಿದ್ದ 53 ಮಂದಿಯ ಬಿಡುಗಡೆ, ಜೊತೆಗೆ 50 ಲಕ್ಷ ಡಾಲರ್. ಗಡುವು ಜುಲೈ 1.

ಜುಲೈ 3ರ ರಾತ್ರಿ ನಾಲ್ಕು ಹರ್ಕ್ಯುಲಸ್ ಸಾಗಣೆ ವಿಮಾನಗಳು ಸುಮಾರು 4,000 ಕಿಲೋಮೀಟರ್ ಹಾರಿ ಬಂದು, ಯಾರ ಅನುಮತಿಯೂ ಇಲ್ಲದೆ ಆ ರನ್‌ವೇ ಮೇಲೆ ಇಳಿದವು. ಒಂದು ಗಂಟೆಯೊಳಗೆ ಕೆಲಸ ಮುಗಿಯಿತು. 102 ಜನ ಬದುಕಿ ಮನೆಗೆ ಹೋದರು.

ಸಿನಿಮಾದವರು ಈ ಒಂದು ಗಂಟೆಯನ್ನ ಮತ್ತೆ ಮತ್ತೆ ತೆಗೆದಿದ್ದಾರೆ. ನನಗೆ ಕುತೂಹಲ ಅದಕ್ಕೂ ಹಿಂದಿನ ಆರು ದಿನಗಳ ಮೇಲೆ.

ಮಾತುಕತೆ ಮತ್ತು ದಾಳಿ

"ಇಸ್ರೇಲ್ ಉಗ್ರರ ಜೊತೆ ಮಾತಾಡಲ್ಲ" ಅನ್ನೋದು ನಮ್ಮಲ್ಲಿ ಗಾದೆಮಾತಿನಷ್ಟೇ ಚಾಲ್ತಿಯಲ್ಲಿದೆ. ಜುಲೈ 1ರಂದು ನಡೆದದ್ದು ಬೇರೆ. ಆ ದಿನದವರೆಗೂ ಸೇನೆಯ ಬಳಿ ಕೆಲಸಕ್ಕೆ ಬರುವಂಥ ಯೋಜನೆ ಇರಲಿಲ್ಲ. ಗಡುವು ಮುಗಿಯುತ್ತಾ ಬಂದಿತ್ತು. ಒತ್ತೆಯಾಳುಗಳ ಮನೆಯವರು ಸರ್ಕಾರದ ಮೇಲೆ ಒತ್ತಡ ಹಾಕುತ್ತಿದ್ದರು. ಪ್ರಧಾನಿ ಯಿಟ್ಜಾಕ್ ರಾಬಿನ್ ಅವರ ಸಂಪುಟ ಕೂತು ತೀರ್ಮಾನಿಸಿತು: ಕೈದಿಗಳ ಬಿಡುಗಡೆ ಬಗ್ಗೆ ಮಾತುಕತೆಗೆ ಸಿದ್ಧ. ಆ ಸುದ್ದಿ ಹೊರಬಿದ್ದ ಮೇಲೆ ಅಪಹರಣಕಾರರು ಗಡುವನ್ನ ಜುಲೈ 4ಕ್ಕೆ ಮುಂದೂಡಿದರು.

ಆ ಮೂರು ದಿನ ಸಿಗದಿದ್ದರೆ ದಾಳಿಯೇ ಇರುತ್ತಿರಲಿಲ್ಲ. ಲೆಕ್ಕ ಅಷ್ಟು ಸರಳ. ಮಾತಾಡ್ತೀವಿ ಅಂದದ್ದರಿಂದಲೇ ನುಗ್ಗೋಕೆ ಸಮಯ ಸಿಕ್ಕಿತು.

ಹಾಗಾದರೆ ಆ ಮಾತುಕತೆ ಬರೀ ನಾಟಕವೇ? ಹಾಗೆ ಹೇಳೋಕೂ ಆಗಲ್ಲ. ನಂಬಿಕೆಗೆ ಅರ್ಹವಾದ ಸೇನಾ ಯೋಜನೆ ಸಿಗದಿದ್ದರೆ ಕೈದಿಗಳನ್ನ ಬಿಡಲೇಬೇಕು ಅನ್ನುವ ಪರಿಸ್ಥಿತಿಯಲ್ಲಿ ರಾಬಿನ್ ಇದ್ದರು. ಜನರ ಪ್ರಾಣ ಮೊದಲು, ಹಟ ಆಮೇಲೆ ಅನ್ನುವ ತೀರ್ಮಾನ ಅದು. ಎರಡು ದಾರಿಗಳನ್ನೂ ತೆರೆದಿಟ್ಟುಕೊಂಡು, ಎರಡರಲ್ಲೂ ನಿಜವಾಗಿಯೇ ಕೆಲಸ ಮಾಡುತ್ತಾ ಹೋದರು. ನಮ್ಮ ಕಾರಿಡಾರ್ ಚರ್ಚೆಯಲ್ಲಿ ಮಾತುಕತೆ ಒಂದು ಪಕ್ಷ, ದಾಳಿ ಇನ್ನೊಂದು ಪಕ್ಷ. ಎಂಟೆಬೆಯಲ್ಲಿ ಎರಡೂ ಒಂದೇ ತಂಡದಲ್ಲಿ ಆಡಿದವು.

ಮಾತುಕತೆಯ ದಿನಗಳಲ್ಲಿ ಇನ್ನೊಂದು ದೊಡ್ಡ ಲಾಭವೂ ಆಯಿತು. ಅಪಹರಣಕಾರರು ಇಸ್ರೇಲಿ ಪ್ರಯಾಣಿಕರನ್ನ ಉಳಿದವರಿಂದ ಬೇರ್ಪಡಿಸಿ ಇನ್ನೊಂದು ಕೋಣೆಗೆ ಕಳಿಸಿದ್ದರು. ಹೆಸರು ಕೂಗಿ, ಆ ಕಡೆ ಈ ಕಡೆ ಅಂತ ವಿಂಗಡಿಸುತ್ತಿದ್ದವರಲ್ಲಿ ಜರ್ಮನರಿದ್ದರು. ಒತ್ತೆಯಾಳುಗಳಲ್ಲಿ ನಾಜಿ ಶಿಬಿರಗಳಿಂದ ಬದುಕಿ ಬಂದವರಿದ್ದರು. ಆ ಕೋಣೆಯಲ್ಲಿ ಅವರಿಗೆ ಏನನ್ನಿಸಿರಬೇಕು ಅನ್ನೋದನ್ನ ನೀವೇ ಊಹಿಸಿ. ಬೇರೆ ದೇಶಗಳ ಸುಮಾರು 150 ಜನರನ್ನ ಎರಡು ಕಂತಿನಲ್ಲಿ ಬಿಟ್ಟರು. ಅವರು ಪ್ಯಾರಿಸ್‌ಗೆ ಬಂದಿಳಿದಾಗ ಇಸ್ರೇಲಿ ಗುಪ್ತಚರರು ಒಬ್ಬೊಬ್ಬರನ್ನೂ ಕೂರಿಸಿಕೊಂಡು ಕೇಳಿದರು. ಅಪಹರಣಕಾರರು ಎಷ್ಟು ಜನ? ಯಾವ ಬಂದೂಕು? ಯಾರು ಯಾವಾಗ ಮಲಗ್ತಾರೆ? ಬಾಗಿಲು ಯಾವ ಕಡೆ ತೆರೆಯುತ್ತೆ? ಉಗಾಂಡಾ ಸೈನಿಕರು ಎಲ್ಲಿ ನಿಂತಿರ್ತಾರೆ?

ಇದಕ್ಕೂ ಮೊದಲೇ, ಬೆಂಗಾಜಿಯಲ್ಲಿ ವಿಮಾನ ನಿಂತಿದ್ದಾಗ, ಗರ್ಭಪಾತವಾಗುತ್ತಿರುವಂತೆ ನಟಿಸಿ ಕೆಳಗಿಳಿದಿದ್ದ ಒಬ್ಬ ಮಹಿಳೆ ಲಂಡನ್ನಿಗೆ ಹೋಗಿ ವಿವರ ಕೊಟ್ಟಿದ್ದಳು. ಇತ್ತ, ಹಿಂದೆ ಉಗಾಂಡಾದಲ್ಲಿ ಕೆಲಸ ಮಾಡಿ ಅಮೀನ್‌ನ ಸ್ನೇಹ ಸಂಪಾದಿಸಿದ್ದ ನಿವೃತ್ತ ಸೇನಾಧಿಕಾರಿ ಬಾರುಖ್ ಬಾರ್-ಲೆವ್, ಮನೆಯಿಂದ ಅಮೀನ್‌ಗೆ ಮತ್ತೆ ಮತ್ತೆ ಫೋನ್ ಮಾಡಿ, ಹೊಗಳಿ, ಮಾತಿಗೆಳೆದು, ಹೊತ್ತು ದೂಡುತ್ತಿದ್ದರು. ಬಂದೂಕು ಹಿಡಿಯದೆ ಈ ಕಾರ್ಯಾಚರಣೆ ನಡೆಸಿದವರ ಪಟ್ಟಿ ಮಾಡಿದರೆ ಕಮಾಂಡೊಗಳ ಪಟ್ಟಿಗಿಂತ ಉದ್ದ ಇರುತ್ತೆ.

ಒಂದು ಕಟ್ಟಡದ ಡ್ರಾಯಿಂಗ್

ಸಿವಿಲ್‌ನವರು ಇಲ್ಲಿ ಗಮನ ಕೊಡಿ. ಎಂಟೆಬೆ ವಿಮಾನ ನಿಲ್ದಾಣದ ನಿರ್ಮಾಣದಲ್ಲಿ ಸೊಲೆಲ್ ಬೊನೆ ಅನ್ನುವ ಇಸ್ರೇಲಿ ಕಂಪನಿ ಕೆಲಸ ಮಾಡಿತ್ತು. ಅಮೀನ್ ಇಸ್ರೇಲಿಗಳನ್ನ 1972ರಲ್ಲಿ ದೇಶದಿಂದ ಹೊರಹಾಕಿದ್ದ, ಆದರೆ ಕಟ್ಟಡದ ನಕ್ಷೆಗಳು ಕಂಪನಿಯ ಕಪಾಟಿನಲ್ಲೇ ಇದ್ದವು. ಅವುಗಳ ನೆರವಿನಿಂದ ಟರ್ಮಿನಲ್‌ನ ಒಂದು ಭಾಗದ ತಾತ್ಕಾಲಿಕ ಮಾದರಿ ಕಟ್ಟಿ, ಅದರ ಮೇಲೆ ತಾಲೀಮು ನಡೆಸಿದರು. ನಾವು ಸೆಮಿಸ್ಟರ್ ಕೊನೆಯಲ್ಲಿ ಗೊಣಗುತ್ತಾ ಬರೆಯುವ ಡ್ರಾಯಿಂಗ್ ಶೀಟು, ಡಾಕ್ಯುಮೆಂಟೇಶನ್ ಎಲ್ಲ ಯಾರಿಗೆ ಬೇಕು ಅಂತ ಕೇಳೋರಿಗೆ ಇದಕ್ಕಿಂತ ಒಳ್ಳೆ ಉತ್ತರ ನನಗೆ ಗೊತ್ತಿಲ್ಲ. ಯಾರೋ ವರ್ಷಗಳ ಹಿಂದೆ ಸರಿಯಾಗಿ ಬರೆದು, ಸರಿಯಾಗಿ ಕಾಪಿಟ್ಟ ನಕ್ಷೆ ನೂರು ಜನರ ಪ್ರಾಣದ ವಿಷಯದಲ್ಲಿ ಕೆಲಸಕ್ಕೆ ಬಂತು.

ಕೈಬಿಟ್ಟ ಯೋಜನೆಗಳೂ ಅಷ್ಟೇ ಮುಖ್ಯ. ವಿಕ್ಟೋರಿಯಾ ಸರೋವರದ ಮೇಲೆ ರಬ್ಬರ್ ದೋಣಿಗಳಲ್ಲಿ ಕಮಾಂಡೊಗಳು ಬಂದು ಅಪಹರಣಕಾರರನ್ನ ಮುಗಿಸುವ ಆಲೋಚನೆಯೂ ಇತ್ತು. ಕೇಳೋಕೆ ಸಖತ್ತಾಗಿದೆ. ಆದರೆ ಅದರಲ್ಲಿ ಒಳಗೆ ಹೋಗೋ ದಾರಿ ಇತ್ತು, ಒತ್ತೆಯಾಳುಗಳನ್ನ ಕರ್ಕೊಂಡು ವಾಪಸ್ ಬರೋ ದಾರಿ ಇರಲಿಲ್ಲ. ಅಮೀನ್ ದಯೆ ತೋರಿಸಿ ಬಿಡ್ತಾನೆ ಅಂತ ನಂಬಬೇಕಿತ್ತು. ಅವನು ಅಪಹರಣಕಾರರ ಕಡೆಯೇ ಇದ್ದಾನೆ ಅಂತ ಖಚಿತವಾದ ಮೇಲೆ ಆ ಯೋಜನೆಗೆ ಅರ್ಥವೇ ಉಳಿಯಲಿಲ್ಲ.

ಕೊನೆಗೆ ಒಪ್ಪಿದ ಯೋಜನೆಯಲ್ಲಿ ಎಲ್ಲಿ ನೋಡಿದರೂ "ಅಕಸ್ಮಾತ್ ಹೀಗಾದರೆ?" ಅನ್ನೋ ಪ್ರಶ್ನೆ ಇದೆ. ಹರ್ಕ್ಯುಲಸ್ ಎಂಟೆಬೆಗೆ ಹೋಗಬಲ್ಲದು, ಆದರೆ ನಡುವೆ ಇಂಧನ ತುಂಬಿಸದೆ ವಾಪಸ್ ಬರಲಾರದು. ಹಾಗಾಗಿ ಎಂಟೆಬೆಯಲ್ಲೇ ಇಂಧನ ಹೀರಿಕೊಳ್ಳೋಕೆ ಪಂಪು ಹೊತ್ತುಕೊಂಡು ಹೋದರು, ನೈರೋಬಿಯ ದಾರಿಯನ್ನೂ ತೆರೆದಿಟ್ಟುಕೊಂಡರು. ಕೆನ್ಯಾ ಒಪ್ಪಿದ್ದರಿಂದ ನೈರೋಬಿಯಲ್ಲೇ ತುಂಬಿಸಿದರು. ಅಲ್ಲೇ ಆಸ್ಪತ್ರೆಯಾಗಿ ಸಜ್ಜುಗೊಳಿಸಿದ ಬೋಯಿಂಗ್ 707 ಒಂದು ಕಾದಿತ್ತು. ಕತ್ತಲಲ್ಲಿ ವಿಮಾನ ಇಳಿಸೋಕೆ ಆಗುತ್ತಾ ಅಂತ ಸೇನಾ ಮುಖ್ಯಸ್ಥ ಮೊರ್ದೆಖಾಯ್ ಗುರ್ ಅವರಿಗೇ ಅನುಮಾನ ಇತ್ತು. ಪೈಲಟ್‌ಗಳ ಜೊತೆ ಪರೀಕ್ಷಾ ಹಾರಾಟದಲ್ಲಿ ತಾವೇ ಕೂತು ನೋಡಿದ ಮೇಲೆ ಒಪ್ಪಿದರು. ರನ್‌ವೇ ದೀಪ ಆರಿಸಿಬಿಟ್ಟರೆ ಹಿಂದಿನ ವಿಮಾನಗಳು ಹೇಗೆ ಇಳೀಬೇಕು? ಅದಕ್ಕೆ ಮೊದಲ ವಿಮಾನದಿಂದ ಇಳಿದ ಸೈನಿಕರು ರನ್‌ವೇ ಪಕ್ಕದಲ್ಲಿ ಕೈದೀಪಗಳನ್ನ ಇಡುತ್ತಾ ಹೋದರು. ನಿಲ್ದಾಣದವರು ನಿಜಕ್ಕೂ ದೀಪ ಆರಿಸಿದರು. ಕೊನೆಯ ವಿಮಾನ ಆ ಪುಟ್ಟ ದೀಪಗಳನ್ನೇ ನಂಬಿ ಇಳಿಯಿತು.

ಧೈರ್ಯ ಇಲ್ಲದೆ ಇದೆಲ್ಲ ಆಗಲ್ಲ, ಒಪ್ಪಿದೆ. ಆದರೆ ಆ ಪುಟ್ಟ ದೀಪಗಳು ಇಲ್ಲದಿದ್ದರೆ ಅಷ್ಟೂ ಧೈರ್ಯ ಕತ್ತಲಲ್ಲಿ ಸುತ್ತು ಹೊಡೀತಿತ್ತು.

ಇಷ್ಟು ತಯಾರಿ ಮಾಡಿಯೂ ಎಡವಿದರು ಅನ್ನೋದನ್ನ ಮರೆಯಬಾರದು. ಅಮೀನನೇ ಬಂದ ಅಂತ ಕಾವಲುಗಾರರು ಅಂದ್ಕೊಳ್ಳಲಿ ಅಂತ ಕಪ್ಪು ಮರ್ಸಿಡಿಸ್ ಕಾರಿನಲ್ಲಿ ಹೋದ ಕಥೆ ಎಲ್ಲರಿಗೂ ಗೊತ್ತು. ಆ ಕಾರನ್ನ ಕಾವಲುಗಾರರು ತಡೆದರು, ಗುಂಡು ಹಾರಿತು, ಗುಟ್ಟು ರಟ್ಟಾಗೋದರಲ್ಲಿತ್ತು. ಅಲ್ಲಿಂದ ಕಟ್ಟಡದವರೆಗೆ ಓಡಿಕೊಂಡೇ ಹೋಗಬೇಕಾಯಿತು. ಅತಿ ಚಂದದ ಉಪಾಯ ಕೈಕೊಟ್ಟಿತು, ಅತಿ ಸಪ್ಪೆಯಾದ ತಾಲೀಮು ಕೈಹಿಡಿಯಿತು.

ಲೆಕ್ಕದಲ್ಲಿ ಬಿಟ್ಟುಹೋದವರು

ಈಗ ನಾವು ಹೇಳದೆ ಬಿಡುವ ಭಾಗ. ಕಮಾಂಡೊಗಳು ಒಳಗೆ ನುಗ್ಗುತ್ತಾ ಎಲ್ಲರೂ ಮಲಗಿ ಅಂತ ಹೀಬ್ರೂನಲ್ಲಿ ಕೂಗಿದರು. 19 ವರ್ಷದ ಒಬ್ಬ ಹುಡುಗ ಎದ್ದು ನಿಂತ. ಅವನನ್ನ ಅಪಹರಣಕಾರ ಅಂದ್ಕೊಂಡು ಬಿಡಿಸೋಕೆ ಬಂದವರೇ ಹೊಡೆದರು. 19 ಅಂದರೆ ನಮ್ಮ ಸೆಕೆಂಡ್ ಇಯರ್‌ನವರ ವಯಸ್ಸು. ಒಟ್ಟು ಮೂವರು ಒತ್ತೆಯಾಳುಗಳು ಆ ದಾಳಿಯ ಗುಂಡುಗಳಿಗೆ ಬಲಿಯಾದರು. ದಾಳಿಯ ತಂಡದ ನಾಯಕ ಯೋನಾತನ್ ನೆತನ್ಯಾಹು ಗುಂಡೇಟಿಗೆ ಸತ್ತರು.

ಡೋರಾ ಬ್ಲಾಕ್ ಅಂತ 74 ವರ್ಷದ ಅಜ್ಜಿ. ಗಂಟಲಲ್ಲಿ ಊಟ ಸಿಕ್ಕಿಕೊಂಡು ಕಂಪಾಲಾದ ಮುಲಾಗೊ ಆಸ್ಪತ್ರೆಗೆ ಸೇರಿಸಿದ್ದರು. ವಿಮಾನಗಳು ಬಂದು ಹೋದಾಗ ಆಕೆ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಮರುದಿನ ಅಮೀನ್‌ನ ಜನ ಅಲ್ಲಿಂದ ಎಳೆದೊಯ್ದು ಕೊಂದರು. ಅವಶೇಷ ಸಿಕ್ಕಿದ್ದು ಅಮೀನ್ ಪದಚ್ಯುತನಾದ 1979ರಲ್ಲಿ. ಸಿನಿಮಾದ ಕೊನೆಯಲ್ಲಿ ಎಲ್ಲರೂ ಚಪ್ಪಾಳೆ ಹೊಡೆಯುವ ಹೊತ್ತಿಗೆ ಆಕೆ ಇನ್ನೂ ಬದುಕಿದ್ದರು ಅನ್ನೋದನ್ನ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತೆ.

ಹತ್ತಾರು ಉಗಾಂಡಾ ಸೈನಿಕರು ಸತ್ತರು. ಅಪಹರಣಕಾರರಿಗೆ ಕಾವಲು ನಿಂತಿದ್ದವರು, ಸರಿ. ಆದರೆ ಅಮೀನ್‌ನ ಸೈನ್ಯದಲ್ಲಿ "ನಾನು ನಿಲ್ಲಲ್ಲ" ಅನ್ನೋ ಆಯ್ಕೆ ಒಬ್ಬ ಸಾಮಾನ್ಯ ಸಿಪಾಯಿಗೆ ಎಷ್ಟಿತ್ತು? ಕೆನ್ಯಾ ಸಹಾಯ ಮಾಡಿತು ಅನ್ನೋ ಸೇಡಿಗೆ ಉಗಾಂಡಾದಲ್ಲಿ ಬದುಕು ಕಟ್ಟಿಕೊಂಡಿದ್ದ ನೂರಾರು ಕೆನ್ಯನ್ನರನ್ನ ಅಮೀನ್ ಕೊಲ್ಲಿಸಿದ. ಅವರು ಯಾವ ಪಕ್ಷದವರೂ ಆಗಿರಲಿಲ್ಲ. ವಿಮಾನವನ್ನ ಕಣ್ಣಲ್ಲೂ ಕಂಡಿರಲಿಲ್ಲ.

ಇದನ್ನೆಲ್ಲ ಹೇಳಿದ್ದು ದಾಳಿ ಮಾಡಬಾರದಿತ್ತು ಅನ್ನೋಕಲ್ಲ. ನನ್ನ ಪ್ರಕಾರ ಮಾಡಿದ್ದು ಸರಿ. ಎದುರಿಗಿದ್ದದ್ದು ಅಪಹರಣಕಾರರ ಜೊತೆ ಕೈಜೋಡಿಸಿದ ಒಂದು ಸರ್ಕಾರ. ಕೈದಿಗಳನ್ನ ಬಿಟ್ಟರೂ ಒತ್ತೆಯಾಳುಗಳು ವಾಪಸ್ ಬರ್ತಾರೆ ಅನ್ನೋ ಗ್ಯಾರಂಟಿ ಕೊಡೋರು ಯಾರೂ ಇರಲಿಲ್ಲ. ಒಂದು ದೇಶದ ಗಡಿಯನ್ನ ಮೀರಿದ್ದು ಸರಿಯಾ ಅಂತ ವಿಶ್ವಸಂಸ್ಥೆಯಲ್ಲಿ ದೊಡ್ಡ ಜಗಳವೇ ಆಯಿತು. ತನ್ನ ನೆಲದಲ್ಲಿ ನೂರು ಜನರನ್ನ ಬಂದೂಕಿನ ಮುಂದೆ ಕೂರಿಸಿಟ್ಟವನು ಗಡಿಯ ಮಾತಾಡೋದು ನನಗೆ ಒಪ್ಪಿಗೆಯಾಗಲ್ಲ. ಆದರೂ "ಎಲ್ಲರನ್ನೂ ಕರ್ಕೊಂಡು ಬಂದ್ರು" ಅನ್ನೋ ವಾಕ್ಯ ಸುಳ್ಳು. ಇತಿಹಾಸದ ಅತಿ ಯಶಸ್ವಿ ಕಾರ್ಯಾಚರಣೆಯ ಬೆಲೆಯೇ ಇಷ್ಟಿದ್ದರೆ, ಯಶಸ್ಸು ಕಾಣದವುಗಳ ಬೆಲೆ ಎಷ್ಟು?

ಕಾಪಿ ಹೊಡೆದವರ ಕಥೆ

ಆ ಪ್ರಶ್ನೆಗೆ ಉತ್ತರ ಎರಡೇ ವರ್ಷದಲ್ಲಿ ಸಿಕ್ಕಿತು. 1978ರ ಫೆಬ್ರವರಿಯಲ್ಲಿ ಇಬ್ಬರು ಬಂದೂಕುಧಾರಿಗಳು ಸೈಪ್ರಸ್‌ನಲ್ಲಿ ಈಜಿಪ್ಟ್‌ನ ಸಂಪಾದಕ, ಮಾಜಿ ಸಚಿವ ಯೂಸುಫ್ ಅಲ್ ಸಿಬಾಯಿಯವರನ್ನ ಕೊಂದು, ಒತ್ತೆಯಾಳುಗಳ ಸಮೇತ ವಿಮಾನ ಹತ್ತಿದರು. ಹಲವು ದೇಶಗಳು ಇಳಿಯೋಕೆ ಬಿಡದಿದ್ದರಿಂದ ವಾಪಸ್ ಲಾರ್ನಾಕಾಗೇ ಬಂದರು. ಸೈಪ್ರಸ್ ಸರ್ಕಾರ ಮಾತುಕತೆ ನಡೆಸುತ್ತಿತ್ತು, ಅದು ಫಲ ಕೊಡುವ ಹಂತಕ್ಕೂ ಬಂದಿತ್ತು. ಅಷ್ಟರಲ್ಲಿ ಈಜಿಪ್ಟ್ ಒಂದು ಹರ್ಕ್ಯುಲಸ್ ತುಂಬಾ ಕಮಾಂಡೊಗಳನ್ನ ಕಳಿಸಿತು. ಅವರು ಸೈಪ್ರಸ್‌ನ ಒಪ್ಪಿಗೆಯಿಲ್ಲದೆ ವಿಮಾನದತ್ತ ನುಗ್ಗಿದರು. ಸೈಪ್ರಸ್ ಸೈನಿಕರು ಗುಂಡು ಹಾರಿಸಿದರು. ಅಪಹರಣಕಾರರನ್ನ ಹಿಡಿಯೋಕೆ ಬಂದವರೂ ಕಾಯುತ್ತಿದ್ದವರೂ ಪರಸ್ಪರ ಹೊಡೆದಾಡಿ, ಈಜಿಪ್ಟ್‌ನ 15 ಮಂದಿ ಸತ್ತರು. ಅಪಹರಣಕಾರರು ಆರಾಮಾಗಿ ಶರಣಾದರು.

1985ರ ನವೆಂಬರ್‌ನಲ್ಲಿ ಮಾಲ್ಟಾದಲ್ಲಿ ಇನ್ನೊಂದು. ಈಜಿಪ್ಟ್ ಏರ್ 648. ವಿಮಾನದ ಒಳಗೆ ದಾರಿ ಮಾಡಿಕೊಳ್ಳೋಕೆ ಕಮಾಂಡೊಗಳು ಇಟ್ಟ ಸ್ಫೋಟಕ ಹೆಚ್ಚಾಯಿತು. ಒಳಗೆ ಬೆಂಕಿ, ದಟ್ಟ ಹೊಗೆ. ಸುಮಾರು 60 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಸತ್ತಿದ್ದು ಬಿಡಿಸೋ ಪ್ರಯತ್ನದಲ್ಲೇ. ಆ ಕಮಾಂಡೊಗಳಿಗೆ ಧೈರ್ಯ ಇರಲಿಲ್ಲ ಅಂತ ಯಾರಾದರೂ ಹೇಳೋಕಾಗುತ್ತಾ?

ಸರಿಯಾಗಿ ಮಾಡಿದವರೂ ಇದ್ದಾರೆ. 1977ರ ಅಕ್ಟೋಬರ್‌ನಲ್ಲಿ ಅಪಹರಣವಾದ ಲುಫ್ತಾನ್ಸಾ 181 ಐದು ದಿನ ಊರೂರು ಅಲೆದು ಸೊಮಾಲಿಯಾದ ಮೊಗದಿಶುಗೆ ಬಂತು. ದಾರಿಯಲ್ಲಿ ಏಡನ್‌ನಲ್ಲಿ ಕ್ಯಾಪ್ಟನ್ ಯೂರ್ಗನ್ ಶೂಮನ್ ಅವರನ್ನ ಅಪಹರಣಕಾರರು ಕೊಂದಿದ್ದರು. ಪಶ್ಚಿಮ ಜರ್ಮನಿ ಸೊಮಾಲಿಯಾ ಸರ್ಕಾರದ ಒಪ್ಪಿಗೆ ಪಡೆಯಿತು, ಕೈದಿಗಳನ್ನ ಬಿಡ್ತೀವಿ ಅಂತ ಅಪಹರಣಕಾರರಿಗೆ ಹೇಳಿ ಹೊತ್ತು ದೂಡಿತು. ಸೊಮಾಲಿ ಸೈನಿಕರು ವಿಮಾನದ ಮುಂದೆ ಬೆಂಕಿ ಹಚ್ಚಿ ಗಮನ ಸೆಳೆದಾಗ ಜಿಎಸ್‌ಜಿ 9 ಪಡೆ ಹಿಂದಿನಿಂದ ಹತ್ತಿತು. ಉಳಿದಿದ್ದ 86 ಒತ್ತೆಯಾಳುಗಳೂ ಬದುಕಿದರು. ಆ ಪಡೆ ಹುಟ್ಟಿದ್ದೇ 1972ರ ಮ್ಯೂನಿಕ್ ಒಲಿಂಪಿಕ್ಸ್ ದುರಂತದ ಬಳಿಕ. ಐದು ವರ್ಷ ಇಂಥ ಒಂದು ರಾತ್ರಿಗೋಸ್ಕರ ಅಭ್ಯಾಸ ಮಾಡಿದ್ದರು.

ಲಾರ್ನಾಕಾದವರು ಎಂಟೆಬೆಯ ಔಟ್‌ಪುಟ್ ನೋಡಿ ಪ್ರೋಗ್ರಾಂ ಬರೆದವರು. ಮೊಗದಿಶುವಿನವರು ಲಾಜಿಕ್ ಅರ್ಥ ಮಾಡಿಕೊಂಡು ಬರೆದವರು. ಲ್ಯಾಬ್‌ನಲ್ಲಿ ಪಕ್ಕದವನ ರೆಕಾರ್ಡ್ ಕಾಪಿ ಹೊಡೆದು ವೈವಾದಲ್ಲಿ ಸಿಕ್ಕಿಬಿದ್ದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

ಅಮೃತಸರದ ಎರಡು ಸಂಜೆ

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. "ನಮ್ಮಿಂದ ಆಗಲ್ಲ" ಅನ್ನೋರಿಗೆ 1993ರ ಏಪ್ರಿಲ್ 24 ನೆನಪಿಲ್ಲ. ದೆಹಲಿಯಿಂದ ಶ್ರೀನಗರಕ್ಕೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್ 427 ವಿಮಾನವನ್ನ ಒಬ್ಬ ಅಪಹರಿಸಿ ಕಾಬೂಲ್‌ಗೆ ಒಯ್ಯಬೇಕು ಅಂದ. ಲಾಹೋರ್ ಇಳಿಯೋಕೆ ಬಿಡಲಿಲ್ಲ. ವಿಮಾನ ಅಮೃತಸರದಲ್ಲಿ ಇಳಿಯಿತು. ಅಧಿಕಾರಿಗಳು ನಡುರಾತ್ರಿಯವರೆಗೂ ಅವನ ಜೊತೆ ಮಾತಾಡುತ್ತಲೇ ಇದ್ದರು, ವಿಮಾನ ಅಲ್ಲಿಂದ ಅಲುಗದಂತೆ ನೋಡಿಕೊಂಡರು. ರಾತ್ರಿ ಒಂದು ಗಂಟೆ ದಾಟಿದ ಮೇಲೆ ರಾಷ್ಟ್ರೀಯ ಭದ್ರತಾ ಪಡೆಯ ಕಮಾಂಡೊಗಳು ನುಗ್ಗಿದರು. ಕೆಲವೇ ನಿಮಿಷ. ವಿಮಾನದಲ್ಲಿದ್ದ 140ಕ್ಕೂ ಹೆಚ್ಚು ಜನರಲ್ಲಿ ಒಬ್ಬರ ಜೀವವೂ ಹೋಗಲಿಲ್ಲ.

ಆರು ವರ್ಷ ಬಿಟ್ಟು, 1999ರ ಡಿಸೆಂಬರ್ 24ರ ಸಂಜೆ, ಅದೇ ಅಮೃತಸರದ ಅದೇ ರನ್‌ವೇ ಮೇಲೆ ಐಸಿ 814 ಬಂದು ನಿಂತಿತು. ಕಠ್ಮಂಡುವಿನಿಂದ ದೆಹಲಿಗೆ ಬರುತ್ತಿದ್ದ ವಿಮಾನ. ಇಂಧನ ಮುಗಿಯುತ್ತಾ ಬಂದಿತ್ತು. ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ಅದು ನಮ್ಮ ನೆಲದ ಮೇಲಿತ್ತು. ಆ ಹೊತ್ತಿನಲ್ಲಿ ಅದನ್ನ ತಡೆದು ನಿಲ್ಲಿಸೋ ನಿರ್ಧಾರ ನೆಲಕ್ಕಿಳಿಯಲಿಲ್ಲ. ಭದ್ರತಾ ಪಡೆ ಅಲ್ಲಿಗೆ ತಲುಪಲೂ ಇಲ್ಲ. ಇಂಧನ ತುಂಬಿಸದೆಯೇ ವಿಮಾನ ಮೇಲೆದ್ದು ಲಾಹೋರ್‌ಗೆ, ಅಲ್ಲಿಂದ ದುಬೈಗೆ, ಕೊನೆಗೆ ಕಂದಹಾರ್‌ಗೆ ಹೋಯಿತು. ಹನಿಮೂನ್ ಮುಗಿಸಿ ವಾಪಸಾಗುತ್ತಿದ್ದ ಒಬ್ಬ ಯುವಕನನ್ನ ಅಪಹರಣಕಾರರು ಕೊಂದರು. ಡಿಸೆಂಬರ್ 31ರಂದು ಮೂವರು ಉಗ್ರರ ಬಿಡುಗಡೆ. ಅವರಲ್ಲೊಬ್ಬನಾದ ಮಸೂದ್ ಅಜರ್ ಮುಂದಿನ ವರ್ಷವೇ ಜೈಶ್-ಎ-ಮೊಹಮ್ಮದ್ ಕಟ್ಟಿದ.

ದೇಶ ಅದೇ, ಪಡೆ ಅದೇ, ವಿಮಾನ ನಿಲ್ದಾಣ ಅದೇ. ಆರು ವರ್ಷದಲ್ಲಿ ನಮ್ಮ ರಕ್ತದಲ್ಲಿ ಧೈರ್ಯ ಕಮ್ಮಿಯಾಯಿತೇ? ಎರಡು ಪ್ರಕರಣ ಒಂದೇ ಥರ ಇರಲಿಲ್ಲ ಅನ್ನೋದೂ ನಿಜ. 1993ರಲ್ಲಿ ಒಬ್ಬನೇ ಇದ್ದ, 1999ರಲ್ಲಿ ಐದು ಜನ ಶಸ್ತ್ರಧಾರಿಗಳು. ಆದರೂ ಅಂದು ಸೋತಿದ್ದು ಗುಂಡಿನ ಕಾಳಗದಲ್ಲಿ ಅಲ್ಲ, ಕಾಳಗ ನಡೆಯಲೇ ಇಲ್ಲ. ಸೋತಿದ್ದು ಯಾರು ಯಾರಿಗೆ ಫೋನ್ ಮಾಡಬೇಕು, ಯಾರ ಮಾತು ಅಂತಿಮ, ಟ್ಯಾಂಕರ್ ಎಲ್ಲಿ ನಿಲ್ಲಬೇಕು ಅನ್ನೋ ಸಣ್ಣ ಸಣ್ಣ ವಿಷಯಗಳಲ್ಲಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗಾಯಿತು. ನನ್ನ ಸಿಟ್ಟು ಕಂದಹಾರ್‌ನಲ್ಲಿ ಮಾತಾಡಿದವರ ಮೇಲಿಲ್ಲ. ಅಷ್ಟು ಹೊತ್ತಿಗೆ ವಿಮಾನದ ಸುತ್ತ ತಾಲಿಬಾನ್ ನಿಂತಿತ್ತು, ಮಾತಾಡದೆ ಬೇರೆ ದಾರಿ ಕಾಣಲಿಲ್ಲ. ಸಿಟ್ಟು ಇರೋದು ಅಮೃತಸರದ ಆ ಮುಕ್ಕಾಲು ಗಂಟೆಯ ಮೇಲೆ.

ಇಲ್ಲಿ ಒಂದು ಗಟ್ಟಿಯಾದ ಎದುರುವಾದ ಇದೆ, ಅದನ್ನ ಮುಚ್ಚಿಡೋದು ಸರಿಯಲ್ಲ. "ಒಮ್ಮೆ ಕೈದಿಗಳನ್ನ ಬಿಟ್ಟರೆ ಮತ್ತೊಂದು ಅಪಹರಣಕ್ಕೆ ನಾವೇ ಆಹ್ವಾನ ಕೊಟ್ಟ ಹಾಗೆ. ಇವತ್ತು 150 ಜನರನ್ನ ಉಳಿಸೋಕೆ ಹೋಗಿ ನಾಳೆ ಎಷ್ಟು ಜನರನ್ನ ಕಳ್ಕೋತೀವಿ?" ಬಿಡುಗಡೆಯಾದವರು ಮುಂದೆ ಮಾಡಿದ್ದನ್ನ ನೋಡಿದರೆ ಈ ಮಾತನ್ನ ತಳ್ಳಿಹಾಕೋಕೆ ಆಗಲ್ಲ. ನನ್ನ ಉತ್ತರ ಇಷ್ಟು: "ನಾವು ಮಾತಾಡಲ್ಲ" ಅನ್ನೋ ಶಪಥಕ್ಕೆ ಬೆಲೆ ಬರೋದು ಬೇರೆ ದಾರಿ ಸಿದ್ಧ ಇದ್ದಾಗ ಮಾತ್ರ. ಸಿದ್ಧತೆ ಇಲ್ಲದ ಶಪಥದ ಬೆಲೆಯನ್ನ ಶಪಥ ಮಾಡಿದವರು ಕಟ್ಟಲ್ಲ, ಸೀಟ್ ಬೆಲ್ಟ್ ಹಾಕ್ಕೊಂಡು ಕೂತವರು ಕಟ್ತಾರೆ. ನಾವು ಹಾಸ್ಟೆಲ್‌ನಲ್ಲಿ ಕೂತು "ಯಾರನ್ನೂ ಬಿಡಬಾರದಿತ್ತು" ಅಂದಾಗ ಇನ್ನೊಬ್ಬರ ಅಪ್ಪ ಅಮ್ಮನ ಪ್ರಾಣದ ಮೇಲೆ ಶೂರರಾಗ್ತಿದ್ದೀವಿ ಅನ್ನೋದು ನೆನಪಿರಲಿ. ಆ ಸೀಟಿನಲ್ಲಿ ನಮ್ಮ ಅಮ್ಮ ಇದ್ದಿದ್ದರೆ? ಟೆಲ್ ಅವೀವ್‌ನಲ್ಲೂ ಒತ್ತೆಯಾಳುಗಳ ಮನೆಯವರು ಕೇಳಿದ್ದು ಇದನ್ನೇ.

ನಮ್ಮ ಪಾಲಿನ ಕೆಲಸ

ಇಡೀ ಎಂಟೆಬೆ ಕಥೆಯಲ್ಲಿ ನನಗೆ ಅತಿ ದೊಡ್ಡವರಾಗಿ ಕಾಣೋದು ಕ್ಯಾಪ್ಟನ್ ಮಿಶೆಲ್ ಬಾಕೋಸ್. ಇಸ್ರೇಲಿಗಳಲ್ಲದವರನ್ನ ಬಿಟ್ಟು ಕಳಿಸುವಾಗ ಫ್ರೆಂಚ್ ಸಿಬ್ಬಂದಿಗೂ ಹೋಗುವ ಅವಕಾಶ ಇತ್ತು. ಪ್ರಯಾಣಿಕರು ನನ್ನ ಜವಾಬ್ದಾರಿ, ಅವರನ್ನ ಬಿಟ್ಟು ಹೋಗಲ್ಲ ಅಂದರು ಬಾಕೋಸ್. ಅವರ ಸಿಬ್ಬಂದಿಯೂ ಅವರ ಜೊತೆ ಉಳಿಯಿತು. ದಾಳಿ ಆಗುತ್ತೆ ಅಂತ ಅವರಿಗೆ ಗೊತ್ತಿರಲಿಲ್ಲ. ಕೈಯಲ್ಲಿ ಆಯುಧ ಇರಲಿಲ್ಲ. ಕೆಲಸಕ್ಕೆ ಸೇರುವಾಗ ಒಪ್ಪಿಕೊಂಡ ಜವಾಬ್ದಾರಿ ಒಂದೇ ಇತ್ತು. ಬಾಕೋಸ್ ಪಾತ್ರಕ್ಕೆ ಸ್ಲೋ ಮೋಷನ್ ಶಾಟ್ ಇಡೋದು ಕಷ್ಟ, ಯಾಕಂದ್ರೆ ಅವರು ಮಾಡಿದ್ದು ಅಲ್ಲೇ ಕೂತಿದ್ದು.

ಹಾಗೇ ಅಥೆನ್ಸ್ ಬಗ್ಗೆಯೂ ಒಂದು ಮಾತು. ಆ ನಾಲ್ವರು ಬಂದೂಕು, ಗ್ರೆನೇಡ್ ಸಮೇತ ವಿಮಾನ ಹತ್ತಿದ್ದು ಅಥೆನ್ಸ್ ನಿಲ್ದಾಣದ ತಪಾಸಣೆ ಸಡಿಲವಾಗಿದ್ದರಿಂದ. ಅಂದು ಒಬ್ಬ ಸಿಬ್ಬಂದಿ ಒಂದು ಬ್ಯಾಗ್ ತೆರೆದು ನೋಡಿದ್ದರೆ ಮರ್ಸಿಡಿಸ್ ಬೇಡ, ಹರ್ಕ್ಯುಲಸ್ ಬೇಡ, ಸಿನಿಮಾ ಬೇಡ, ಆ ಹುಡುಗನೂ ಡೋರಾ ಅಜ್ಜಿಯೂ ಮನೆ ಸೇರುತ್ತಿದ್ದರು. ಆ ಸಿಬ್ಬಂದಿಯ ಹೆಸರು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಮ್ಮಲ್ಲಿ ಬಹುಪಾಲು ಜನ ಮುಂದೆ ಮಾಡೋದು ಇಂಥ ಹೆಸರಿಲ್ಲದ ಕೆಲಸವನ್ನೇ. ಎಕ್ಸ್‌ರೇ ಯಂತ್ರದ ಸಾಫ್ಟ್‌ವೇರ್ ಬರೀತೀವಿ, ಕಟ್ಟಡದ ನಕ್ಷೆ ಬರೀತೀವಿ, ಬಾಗಿಲು ವಿನ್ಯಾಸ ಮಾಡ್ತೀವಿ. ಅದೂ ಸುಲಭದ ಕೆಲಸ ಅಲ್ಲ. 2001ರ ಸೆಪ್ಟೆಂಬರ್ 11ರ ನಂತರ ಹೊರಗಿನವರು ನುಗ್ಗದಂತೆ ಕಾಕ್‌ಪಿಟ್ ಬಾಗಿಲನ್ನ ಭದ್ರ ಮಾಡಿದರು. 2015ರಲ್ಲಿ ಜರ್ಮನ್‌ವಿಂಗ್ಸ್ ವಿಮಾನದ ಸಹ ಪೈಲಟ್ ಅದೇ ಬಾಗಿಲನ್ನ ಒಳಗಿನಿಂದ ಹಾಕಿಕೊಂಡು, ಕ್ಯಾಪ್ಟನ್‌ನನ್ನ ಹೊರಗೇ ಉಳಿಸಿ, 150 ಜನರ ಸಮೇತ ವಿಮಾನವನ್ನ ಬೆಟ್ಟಕ್ಕೆ ಗುದ್ದಿಸಿದ. ಒಂದು ಅಪಾಯಕ್ಕೆ ಹಾಕಿದ ಬೀಗ ಇನ್ನೊಂದು ಅಪಾಯಕ್ಕೆ ಬಾಗಿಲಾಯಿತು. ಇಂಥದ್ದನ್ನ ಮೊದಲೇ ಯೋಚಿಸೋಕೆ ಎದೆಗಾರಿಕೆಗಿಂತ ಹೆಚ್ಚಾಗಿ ತಾಳ್ಮೆ ಬೇಕು. "ಅಕಸ್ಮಾತ್ ಹೀಗಾದರೆ?" ಅಂತ ರಿವ್ಯೂ ಮೀಟಿಂಗ್‌ನಲ್ಲಿ ಕೇಳಿ ಬೈಸಿಕೊಳ್ಳೋಕೂ ಒಂದು ಥರದ ಧೈರ್ಯ ಬೇಕು.

ಹಾಗಾಗಿ ಮುಂದಿನ ಸಲ ಯಾರಾದರೂ "ಎಂಟೆಬೆ ಥರ ನುಗ್ಗಬೇಕು" ಅಂದರೆ ಒಪ್ಪಿಕೊಳ್ಳಿ, ಆದರೆ ಕೇಳಿ: ನಕ್ಷೆ ಯಾರ ಹತ್ತಿರ ಇದೆ? ವಾಪಸ್ ಬರೋಕೆ ಇಂಧನ ಎಲ್ಲಿಂದ? ದೀಪ ಆರಿದರೆ ಏನು ಮಾಡೋದು? ಆಸ್ಪತ್ರೆಯಲ್ಲಿರೋ ಅಜ್ಜಿಯನ್ನ ಯಾರು ಕರ್ಕೊಂಡು ಬರ್ತಾರೆ? ಕೊನೆಯ ಪ್ರಶ್ನೆಗೆ ಇಸ್ರೇಲ್ ಹತ್ತಿರವೂ ಉತ್ತರ ಇರಲಿಲ್ಲ. ಆದರೂ ಕೇಳಲೇಬೇಕಾದ ಪ್ರಶ್ನೆ ಅದು.

ನಿಮಗೆ ಬೇರೆ ಅಭಿಪ್ರಾಯ ಇದ್ದರೆ ಖಂಡಿತ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಗಳ ಮುಂದುವರಿಸೋಣ.